ಕೊರಳ ಕಾವಲು: ಷೆವಲಿಯರ್ ಜ್ಯಾಕ್ಸನ್

ಉಣ್ಣುತ್ತಿರುವಾಗ ಅನ್ನದ ಅಗುಳೊಂದು ದಾರಿ ತಪ್ಪಿ ಕೆಮ್ಮು ಹತ್ತಿದರೆ ನಮ್ಮ ಮನೆಗಳಲ್ಲಿ ನೆತ್ತಿಗೇರಿತೆನ್ನುವುದು ವಾಡಿಕೆ. ಹಿರಿಯರು ತಲೆಯನ್ನು ಮೆಲ್ಲನೆ ತಟ್ಟಿ, ಯಾರೋ ನೆನೆಸಿಕೊಂಡಿರಬೇಕೆಂದು ನಗುವರು. ನಿಜವಾಗಿ ಅಗುಳು ನೆತ್ತಿಗೆ ಏರುವುದಿಲ್ಲ, ಶ್ವಾಸನಾಳಕ್ಕೆ ಇಳಿಯಹೊರಟಿರುತ್ತದೆ. ಗಂಟಲಿನಲ್ಲಿ ಅನ್ನದ ದಾರಿಯೂ ಉಸಿರಿನ ದಾರಿಯೂ ಒಂದನ್ನೊಂದು ಹಾಯುವ ಕೂಡುಹಾದಿಯುಂಟು. ಅಲ್ಲಿ ನಿಸರ್ಗವು ಪುಟ್ಟ ಮುಚ್ಚಳವೊಂದನ್ನು ಕಾವಲಿಗಿಟ್ಟಿದೆ. ಬೆಳೆದವರಲ್ಲಿ ಈ ಕಾವಲು ಒಮ್ಮೆ ತಪ್ಪಿದರೂ ಬಲವಾದ ಕೆಮ್ಮು ಬಂದು, ಒಳಹೊಕ್ಕದ್ದನ್ನು ಸಾಮಾನ್ಯವಾಗಿ ಹೊರಕ್ಕೆಸೆಯುತ್ತದೆ. ಎರಡು ವರ್ಷದ ಮಗುವಿನ ಮಾತು ಬೇರೆ. ಅದರ ಶ್ವಾಸನಾಳ ಕಿರಿದು. ಕೆಮ್ಮಿಗೆ ಬಲ ಸಾಲದು. ಅಗಿಯುವ ದವಡೆಹಲ್ಲುಗಳು ಇನ್ನೂ ಪೂರ್ತಿ ಮೂಡಿರುವುದಿಲ್ಲ. ಕೈಗೆ ಸಿಕ್ಕಿದ ವಸ್ತು ಎಂಥದೆಂಬುದನ್ನು ಅದು ಮೊದಲು ಅರಿಯುವುದು ಬಾಯಿಂದಲೇ. ಬೊಂಬೆಗೆ ಕಣ್ಣಾಗಿದ್ದ ಗುಂಡಿ, ಆಟದ ಬಂಡಿಯಿಂದ ಕಳಚಿದ ಚಕ್ರ, ಅಣ್ಣನ ಜೇಬಿನಿಂದ ಉರುಳಿದ ಗೋಲಿ, ಇವುಗಳಲ್ಲಿ ಯಾವುದೊಂದು ಆ ಕೂಡುಹಾದಿಯಲ್ಲಿ ಸಿಕ್ಕಿಕೊಂಡರೂ ಕೆಲವೇ ನಿಮಿಷಗಳಲ್ಲಿ ಆಟವೂ ಮಗುವೂ ಮುಗಿದುಹೋಗುವ ಭಯವಿದೆ.

ಈ ಕಿರಿದಾದ ಬಾವಿಯೊಳಕ್ಕೆ ದೀಪವಿಳಿಸಿ, ಅದರ ತಳದಲ್ಲಿ ಬಿದ್ದುದನ್ನು ಎತ್ತಿ ತರುವ ಕೆಲಸಕ್ಕೆ ತನ್ನ ಆಯುಷ್ಯವನ್ನೆಲ್ಲ ಒಪ್ಪಿಸಿದವನು ಅಮೆರಿಕದ ವೈದ್ಯ ಷೆವಲಿಯರ್ ಜ್ಯಾಕ್ಸನ್. ಒಂದು ಕಾಲದಲ್ಲಿ ಅವನ ಹೆಸರು ಫಿಲಡೆಲ್ಫಿಯದಿಂದ ಆಸ್ಟ್ರೇಲಿಯದವರೆಗೆ ತಾಯಂದಿರ ಬಾಯಲ್ಲಿತ್ತು. ಇಂದು ಗಂಟಲಿನ ವೈದ್ಯರನ್ನು ಬಿಟ್ಟರೆ ಅವನನ್ನು ನೆನೆಯುವವರು ಕಡಮೆ.

ಜ್ಯಾಕ್ಸನ್ ಹುಟ್ಟಿದ್ದು ೧೮೬೫ರ ನವೆಂಬರ್ ೪ರಂದು, ಪಿಟ್ಸ್‌ಬರ್ಗ್ ಪಟ್ಟಣದಲ್ಲಿ. ತಂದೆ ಪಶುವೈದ್ಯ; ಮನೆಯಲ್ಲಿ ಹಣದ ಅನುಕೂಲ ಅಷ್ಟಕ್ಕಷ್ಟೆ. ಪಿಟ್ಸ್‌ಬರ್ಗಿನ ಹೊರವಲಯ ಆಗ ಕಲ್ಲಿದ್ದಲಿನ ಸೀಮೆ. ಹುಡುಗ ಸಣಕಲು ಮೈಯವನು, ಮೆದು ಸ್ವಭಾವದವನು, ಜಗಳಕ್ಕೆ ಹಿಂಜರಿಯುವವನು. ಶಾಲೆಯ ಪುಂಡರಿಗೆ ಅಂಥವನೇ ಬೇಕಲ್ಲವೆ? ದಿನವೂ ಅವನಿಗೆ ಏಟು, ಹೀಯಾಳಿಕೆ. ಒಮ್ಮೆ ಅವನ ಕಣ್ಣಿಗೆ ಬಟ್ಟೆ ಕಟ್ಟಿ ಪಾಳುಬಿದ್ದ ಗಣಿಯೊಂದರೊಳಕ್ಕೆ ದೂಡಿಹೋದರು. ಯಾರೋ ಕಂಡು ಎತ್ತಿ ತರುವವರೆಗೆ ಅವನು ಆ ಕತ್ತಲೆಯಲ್ಲಿಯೇ ಬಿದ್ದಿದ್ದನು. ಮುಂದೆ ಕತ್ತಲ ನಾಳಗಳಿಗೆ ಬೆಳಕಿಳಿಸಿದವನ ಬಾಲ್ಯದಲ್ಲಿ ಇಂಥ ಘಟನೆಯೊಂದಿದ್ದುದನ್ನು ಕಂಡಾಗ ಎರಡಕ್ಕೂ ಗಂಟುಹಾಕಬೇಕೆಂಬ ಆಸೆ ಯಾವ ಚರಿತ್ರಕಾರನಿಗೂ ಆಗದಿರದು. ಆದರೆ ಅವನನ್ನು ರೂಪಿಸಿದ್ದು ಆ ಗಣಿಗಿಂತ ಹೆಚ್ಚಾಗಿ ಮನೆಯ ಮೂಲೆಯಲ್ಲಿದ್ದ ಉಳಿ, ಗರಗಸಗಳೆಂದೇ ನನಗೆ ತೋರುತ್ತದೆ. ಶಾಲೆಯ ಹಿಂಸೆಯಿಂದ ತಪ್ಪಿಸಿಕೊಂಡು ಬಂದ ಹುಡುಗನಿಗೆ ಮರಗೆಲಸವೇ ಆಶ್ರಯವಾಯಿತು. ಎಡಗೈ ಬಲಗೈ ಎಂಬ ಭೇದವಿಲ್ಲದೆ ಎರಡರಲ್ಲಿಯೂ ಸಮನಾಗಿ ಕೆಲಸ ಮಾಡುವುದನ್ನು ಅವನು ರೂಢಿಸಿಕೊಂಡನು. ಓದಿನ ವೆಚ್ಚಕ್ಕಾಗಿ ಗಾಜಿನ ಮೇಲೆಯೂ ಪಿಂಗಾಣಿಯ ಮೇಲೆಯೂ ಚಿತ್ರ ಬರೆದನು. ಕೂದಲೆಳೆಯಷ್ಟು ತಪ್ಪಿದರೆ ಪಾತ್ರೆ ಕೆಟ್ಟುಹೋಗುವ ಆ ಕೆಲಸದಲ್ಲಿ ಪಳಗಿದ ಬೆರಳುಗಳು ಮುಂದೆ ಮಕ್ಕಳ ಶ್ವಾಸಕೋಶದ ಅಂಚಿನಲ್ಲಿ ಕೆಲಸಕ್ಕೆ ಬಂದವು.

ಫಿಲಡೆಲ್ಫಿಯದ ಜೆಫರ್ಸನ್ ವೈದ್ಯಕೀಯ ಕಾಲೇಜಿನಿಂದ ೧೮೮೬ರಲ್ಲಿ ಪದವಿ ಪಡೆದು, ಅವನು ಲಂಡನ್ನಿಗೆ ಹೋದನು. ಗಂಟಲಿನ ವೈದ್ಯದಲ್ಲಿ ಆ ಕಾಲಕ್ಕೆ ಮೇಲ್ಪಂಕ್ತಿಯವನೆನಿಸಿದ್ದ ಮೋರೆಲ್ ಮೆಕೆಂಜಿಯ ಕೆಲಸವನ್ನು ಕಣ್ಣಾರೆ ಕಾಣುವುದು ಅವನ ಉದ್ದೇಶ. ಅನ್ನನಾಳದೊಳಗೆ ನೋಡಲು ಮೆಕೆಂಜಿ ಒಂದು ಉಪಕರಣವನ್ನು ಯೋಜಿಸಿದ್ದನಾದರೂ ಅದು ಬಳಕೆಗೆ ಒದಗುವಂತಿರಲಿಲ್ಲ. ಯುವಕ ಜ್ಯಾಕ್ಸನ್ನನ ತಲೆಯಲ್ಲಿ ಆ ಕೊರತೆಯೇ ನೆಟ್ಟುಹೋಯಿತು. ಪಿಟ್ಸ್‌ಬರ್ಗಿಗೆ ಹಿಂದಿರುಗಿ, ಬಡ ರೋಗಿಗಳೇ ಹೆಚ್ಚಾಗಿದ್ದ ಒಂದು ಚಿಕಿತ್ಸಾಲಯವನ್ನಿಟ್ಟುಕೊಂಡು, ೧೮೯೦ರಲ್ಲಿ ತಾನೇ ಒಂದು ಅನ್ನನಾಳದರ್ಶಕವನ್ನು ನಿರ್ಮಿಸಿದನು. ಅದರಿಂದ ವಯಸ್ಕನೊಬ್ಬನು ನುಂಗಿದ್ದ ಕಟ್ಟುಹಲ್ಲನ್ನೂ ಒಂದು ಮಗು ನುಂಗಿದ್ದ ನಾಣ್ಯವನ್ನೂ ಹೊರತೆಗೆದನು.

ಇಲ್ಲಿಯವರೆಗಿನದು ಹಲವು ಜಾಣರ ಜೀವನದಲ್ಲಿ ಕಾಣುವ ಕಥೆ. ಆಮೇಲೆ ನಡೆದುದು ಅಷ್ಟು ಸಾಮಾನ್ಯವಲ್ಲ. ಆ ಉಪಕರಣವನ್ನು ಬೇರೆ ವೈದ್ಯರೂ ಕೈಗೆತ್ತಿಕೊಂಡರು. ಸಾಕಷ್ಟು ಅಭ್ಯಾಸವಿಲ್ಲದೆ ಅದನ್ನು ತೂರಿಸಿದಾಗ ಅನ್ನನಾಳ ಹರಿದು ರೋಗಿಗಳು ಸತ್ತರು. ಜ್ಯಾಕ್ಸನ್ ತನ್ನ ಸಾಧನದ ಪ್ರಚಾರವನ್ನು ನಿಲ್ಲಿಸಿಬಿಟ್ಟನು. ಕೀರ್ತಿ ಬಾಗಿಲಿಗೆ ಬಂದು ನಿಂತಿದ್ದಾಗ ಕದ ಮುಚ್ಚುವುದಕ್ಕೆ ಬೇಕಾದ ಧೈರ್ಯ ಅವನಲ್ಲಿತ್ತು. ಈ ನಡುವೆ ೧೮೯೭ರಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ಗುಸ್ತಾವ್ ಕಿಲಿಯನ್ ಎಂಬಾತನು ನಳಿಗೆಯೊಂದನ್ನು ಶ್ವಾಸನಾಳಕ್ಕಿಳಿಸಿ ರೈತನೊಬ್ಬನ ಎದೆಯಿಂದ ಮೂಳೆಯ ಚೂರನ್ನು ತೆಗೆದಿದ್ದನು. ಮೊದಲಿಗನೆಂಬ ಪಟ್ಟ ಆತನಿಗೇ ಸಲ್ಲಬೇಕು. ಜ್ಯಾಕ್ಸನ್ನನ ಅಗ್ಗಳಿಕೆ ಆ ಸಾಹಸವನ್ನು ಒಂದು ಶಿಸ್ತಾಗಿ ಮಾರ್ಪಡಿಸಿದ್ದರಲ್ಲಿದೆ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಅವನು ನಳಿಗೆಯ ಒಳತುದಿಯಲ್ಲಿಯೇ ಅಕ್ಕಿಕಾಳಿನಷ್ಟು ಪುಟ್ಟ ವಿದ್ಯುದ್ದೀಪವನ್ನು ಕೂರಿಸಿದ ಉಪಕರಣಗಳನ್ನು ಬಳಕೆಗೆ ತಂದನು. ೧೯೦೭ರಲ್ಲಿ ಈ ವಿದ್ಯೆಯನ್ನು ಕುರಿತ ಅವನ ಗ್ರಂಥ ಹೊರಬಂದಿತು. ನಾಲ್ಕು ವರ್ಷಗಳ ಮೇಲೆ ಅವನಿಗೆ ಕ್ಷಯರೋಗ ತಗಲಿತು. ಅದು ವಾಸಿಯಾದಂತೆ ತೋರಿ ಮತ್ತೆ ಮರುಕಳಿಸಿತು. ಹಾಸಿಗೆ ಹಿಡಿದಾಗಲೂ ಅವನು ಬರೆಯುತ್ತಲೇ ಇದ್ದನು.

ಅವನ ಕೆಲಸ ಎಂಥದೆಂಬುದನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಹಸುಗೂಸಿಗೆಂದು ಮಾಡಿದ ನಳಿಗೆಯ ಒಳಗಲ ಸುಮಾರು ನಾಲ್ಕು ಮಿಲಿಮೀಟರು. ಅದರ ಮೂಲಕ ವೈದ್ಯನು ಒಂದೇ ಕಣ್ಣಿನಿಂದ ನೋಡಬೇಕು. ಅದೇ ಕಿಂಡಿಯಲ್ಲಿ ಉದ್ದನೆಯ ತೆಳು ಚಿಮುಟವನ್ನೂ ಇಳಿಸಬೇಕು. ಶ್ವಾಸನಾಳ ಉಸಿರಿನೊಡನೆ ಅಲುಗುತ್ತಿರುತ್ತದೆ. ಹತ್ತಿರದಲ್ಲಿಯೇ ಹೃದಯ ಮಿಡಿಯುತ್ತಿರುತ್ತದೆ. ಒಳಗೆ ಬಾಯಿ ತೆರೆದುಕೊಂಡಿರುವ ಸೂಜಿಪಿನ್ನು ಸಿಕ್ಕಿದೆಯೆನ್ನಿ: ಹಿಡಿದು ಎಳೆದರೆ ಮೊನೆ ಗೋಡೆಯನ್ನು ಸೀಳುವುದು. ಆದುದರಿಂದ ಮೊದಲು ಹುಡುಕಬೇಕಾದುದು ವಸ್ತುವನ್ನಲ್ಲ, ಅದರ ಮೊನೆಯನ್ನು. ಮುಂದೆ ಸಾಗುವ ಮೊನೆ ಚುಚ್ಚುತ್ತದೆ, ಹಿಂದೆ ಎಳೆದು ಬರುವ ಮೊನೆ ಚುಚ್ಚುವುದಿಲ್ಲವೆಂಬುದು ಅವನು ಶಿಷ್ಯರಿಗೆ ಕಲಿಸಿದ ಮೊದಲ ಪಾಠಗಳಲ್ಲೊಂದು. ಪಿನ್ನನ್ನು ಒಳಗೇ ಮುಚ್ಚಬೇಕು, ಇಲ್ಲವೆ ತಿರುಗಿಸಿ ಮೊನೆ ಹಿಂದಾಗುವಂತೆ ತರಬೇಕು. ಇಂಥ ಒಂದೊಂದು ಆಕಾರಕ್ಕೂ ಒಂದೊಂದು ಬಗೆಯ ಚಿಮುಟವನ್ನು ಅವನು ಕಲ್ಪಿಸಿದನು. ಕಠಿಣವಾದ ಪ್ರಸಂಗ ಬಂದಾಗ ಅಂಥದೇ ವಸ್ತುವನ್ನು ರಬ್ಬರ್ ಕೊಳವೆಯೊಳಗಿಟ್ಟು ತೆಗೆದು ತೆಗೆದು, ಕೈಗೆ ಹಾದಿ ಗೊತ್ತಾದ ಮೇಲೆಯೇ ಮಗುವಿನ ಬಳಿಗೆ ಬರುತ್ತಿದ್ದನು. ಮಕ್ಕಳಿಗೆ ಅವನು ಅರಿವಳಿಕೆ ಕೊಡುತ್ತಿರಲಿಲ್ಲ. ಉಸಿರು ಕಟ್ಟಿದ ಮಗುವಿಗೆ ಆ ಕಾಲದ ಈಥರ್ ಅಪಾಯಕರವೆಂದೂ ಕೆಮ್ಮೇ ಶ್ವಾಸಕೋಶದ ಕಾವಲುಗಾರನೆಂದೂ ಅವನ ವಾದ. ಇಂದಿನ ವೈದ್ಯರು ಇದನ್ನು ಒಪ್ಪರು. ಈಗ ಇಂಥ ಚಿಕಿತ್ಸೆ ನಡೆಯುವುದು ಅರಿವಳಿಕೆಯಲ್ಲಿಯೇ. ಆದರೆ ಎಚ್ಚರವಿರುವ ಮಗುವನ್ನು ನೋಯಿಸದೆ ಕೆಲಸ ಮುಗಿಸಬೇಕೆಂಬ ಹಟವೇ ಅವನ ಕೈಗೆ ಆ ಲಾಘವವನ್ನು ತಂದಿತೆನ್ನುವವರೂ ಇದ್ದಾರೆ.

೧೯೧೬ರಲ್ಲಿ ಜೆಫರ್ಸನ್ ಕಾಲೇಜು ಅವನನ್ನು ಪ್ರಾಧ್ಯಾಪಕನನ್ನಾಗಿ ಕರೆಯಿತು. ಫಿಲಡೆಲ್ಫಿಯವೇ ಅವನ ಊರಾಯಿತು. ಆ ನಗರದ ಐದು ವೈದ್ಯಕೀಯ ಸಂಸ್ಥೆಗಳಲ್ಲಿ ಅವನು ಪೀಠಗಳನ್ನು ವಹಿಸಿದನು. ಎರಡು ಕೈಗಳಲ್ಲಿಯೂ ಬಣ್ಣದ ಸೀಮೆಸುಣ್ಣ ಹಿಡಿದು ಕರಿಹಲಗೆಯ ಮೇಲೆ ಏಕಕಾಲದಲ್ಲಿ ಚಿತ್ರ ಬರೆಯುತ್ತ ಪಾಠ ಹೇಳುವ ಅವನ ರೀತಿಯನ್ನು ಕಂಡ ವಿದ್ಯಾರ್ಥಿಗಳು ಅದನ್ನು ಮರೆಯಲಿಲ್ಲ. ಮದ್ಯವಿಲ್ಲ, ತಂಬಾಕಿಲ್ಲ, ಕೂಟಗಳ ಗೊಡವೆಯಿಲ್ಲ. ಬಡವರಿಂದ ಹಣ ತೆಗೆದುಕೊಳ್ಳುತ್ತಿರಲಿಲ್ಲ. ೧೯೩೬ರಲ್ಲಿ ಎದೆಯೊಳಗೆ ಮೊಳೆಯೊಂದು ಸಿಕ್ಕಿಕೊಂಡಿದ್ದ ಪುಟ್ಟ ಹುಡುಗನೊಬ್ಬನನ್ನು ಆಸ್ಟ್ರೇಲಿಯದಿಂದ ಕಡಲು ದಾಟಿಸಿ ಅವನ ಬಳಿಗೇ ಕರೆತಂದರು; ಮೊಳೆ ಹೊರಬಂದಿತು.

ಹೊರಬಂದುದನ್ನು ಅವನು ಏನು ಮಾಡಿದನು? ನಮ್ಮ ಕಥೆಯ ತಿರುಳು ಇಲ್ಲಿದೆ. ಅವನು ಒಂದನ್ನೂ ಬಿಸಾಡಲಿಲ್ಲ, ಯಾರಿಗೂ ಹಿಂದಿರುಗಿಸಲಿಲ್ಲ. ಒಮ್ಮೆ ಒಂದು ನಾಣ್ಯವನ್ನು ಮರಳಿ ಕೇಳಿ ಪ್ರಾಣಬೆದರಿಕೆ ಒಡ್ಡಿದಾಗಲೂ ಅವನು ಜಗ್ಗಲಿಲ್ಲವೆಂದು ಹೇಳುತ್ತಾರೆ. ಗುಂಡಿ, ಪಿನ್ನು, ಮೂಳೆ, ತಿರುಪು, ಕಟ್ಟುಹಲ್ಲು, ಬೀಜ, ಸಣ್ಣ ಸಣ್ಣ ಆಟಿಕೆ ಎಲ್ಲವನ್ನೂ ತೊಳೆದು, ಸಂಖ್ಯೆ ಕೊಟ್ಟು, ರೋಗಿಯ ವಯಸ್ಸೆಷ್ಟು, ವಸ್ತು ಎಲ್ಲಿ ಸಿಕ್ಕಿತ್ತು, ಎಷ್ಟು ಕಾಲ ಒಳಗಿತ್ತು, ಹೇಗೆ ಹೊರಬಂದಿತು, ರೋಗಿ ಉಳಿದನೆ ಎಂಬ ವಿವರಗಳೊಡನೆ ದಾಖಲೆ ಮಾಡಿದನು. ಹೀಗೆ ಕೂಡಿದ ವಸ್ತುಗಳು ೨,೩೭೪. ೧೯೨೪ರಲ್ಲಿ ಈ ಸಂಗ್ರಹವನ್ನು ಫಿಲಡೆಲ್ಫಿಯದ ವೈದ್ಯರ ಕಾಲೇಜಿಗೆ ಸೇರಿದ ಮ್ಯೂಟರ್ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದನು. ಇದೊಂದು ವಿಚಿತ್ರ ವ್ಯಸನವೆಂದು ನಕ್ಕವರುಂಟು. ಆದರೆ ನಾಣ್ಯ ನುಂಗಿದ ಮಗು ಒಂದಾಗಿದ್ದರೆ ಅದನ್ನು ದುರದೃಷ್ಟವೆನ್ನಬಹುದು. ಅಂಥ ನಾಣ್ಯಗಳೇ ಒಂದು ಸೆಳೆಖಾನೆ ತುಂಬಿದರೆ ಹಣೆಬರಹದ ಮಾತು ನಿಲ್ಲುವುದಿಲ್ಲ. ಯಾವ ಅಳತೆಯ, ಯಾವ ಆಕಾರದ ವಸ್ತು, ಯಾವ ವಯಸ್ಸಿನಲ್ಲಿ, ಎಲ್ಲಿ ಸಿಕ್ಕುತ್ತದೆಂಬುದು ಕಣ್ಣಿಗೆ ಕಟ್ಟಿದಂತಾಗುತ್ತದೆ. ಜ್ಯಾಕ್ಸನ್ನನು ತನ್ನ ಮಗನೊಡಗೂಡಿ ೧೯೩೬ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಈ ದಾಖಲೆಗಳನ್ನು ಕೋಷ್ಟಕಗಳಾಗಿ ಅಚ್ಚು ಹಾಕಿಸಿದನು. ಓದಲು ಅದರಷ್ಟು ನೀರಸವಾದ ಪುಸ್ತಕವಿಲ್ಲ, ಅದರಷ್ಟು ಎದೆ ನಡುಗಿಸುವ ಪುಸ್ತಕವೂ ಇಲ್ಲ.

ಆ ಕೋಷ್ಟಕಗಳು ಹೇಳುವುದರಲ್ಲಿ ಕೆಲವು ನಮ್ಮ ಊಹೆಗೆ ವಿರುದ್ಧವಾದವು. ಉಕ್ಕಿನ ಮೊಳೆಗಿಂತ ಕಡಲೆಕಾಯಿಯ ಬೀಜ ಹೆಚ್ಚು ಕೇಡು ಮಾಡುತ್ತದೆ. ಮೊಳೆ ಕ್ಷಕಿರಣದಲ್ಲಿ ಕಾಣುತ್ತದೆ, ಬೀಜ ಕಾಣದು. ಅದು ಉಬ್ಬುತ್ತದೆ, ಅದರ ಎಣ್ಣೆ ಶ್ವಾಸನಾಳದ ಒಳಪೊರೆಯನ್ನು ಕೆರಳಿಸುತ್ತದೆ. ಹಲ್ಲು ಬಾರದ ಮಕ್ಕಳಿಗೆ ಕಡಲೆಕಾಯಿ ಕೊಡಬೇಡಿರೆಂದು ಅವನು ಬಾಳಿನುದ್ದಕ್ಕೂ ಸಾರಿದನು. ಒಳಗಿಳಿದ ವಸ್ತು ಹೆಚ್ಚಾಗಿ ಬಲಭಾಗದ ಕವಲಿಗೆ ಸೇರುತ್ತದೆ. ಆ ಕವಲು ಅಗಲವಾಗಿಯೂ ನೇರವಾಗಿಯೂ ಇರುವುದೇ ಕಾರಣ. ಅಲ್ಲಿ ಅದು ಒಮ್ಮೊಮ್ಮೆ ಗಾಳಿಯನ್ನು ಒಳಗೆ ಬಿಟ್ಟು ಹೊರಗೆ ಬಿಡದ ಕವಾಟದಂತೆ ಕೂತುಬಿಡುತ್ತದೆ. ಮೊದಲ ಕೆಮ್ಮು ನಿಂತಮೇಲೆ ಮಗು ಸುಮ್ಮನಾಗುತ್ತದೆ. ಕಂಟಕ ಕಳೆಯಿತೆಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ವಾರಗಳ ಮೇಲೆ ಜ್ವರ, ಕಫ, ಉಬ್ಬಸ. ಎಷ್ಟೋ ಮಕ್ಕಳು ಹೀಗೆ ಗೂರಲುರೋಗಿಗಳೆನಿಸಿಕೊಂಡು, ಎದೆಯೊಳಗೊಂದು ಗುಂಡಿಯನ್ನೋ ಬೀಜವನ್ನೋ ಹೊತ್ತು ಬೆಳೆದವು. ಉಬ್ಬಸವೆಲ್ಲ ಗೂರಲಲ್ಲವೆಂಬ ಎಚ್ಚರಿಕೆಯನ್ನು ವೈದ್ಯರ ಕಿವಿಗೆ ಹಾಕಿದವರಲ್ಲಿ ಜ್ಯಾಕ್ಸನ್ನನು ಮುಖ್ಯನು. ಹೊಲಿಯುವಾಗ ಪಿನ್ನುಗಳನ್ನು ತುಟಿಗಳ ನಡುವೆ ಕಚ್ಚಿಕೊಳ್ಳುವ ತಾಯಂದಿರನ್ನೂ ಮೊಳೆಗಳನ್ನು ಕಚ್ಚಿಕೊಳ್ಳುವ ತಂದೆಯರನ್ನೂ ಅವನು ಗದರಿಸುತ್ತಿದ್ದನು. ಮಗು ಕಲಿಯುವುದು ಕಂಡುದನ್ನಲ್ಲವೆ?

ಒಳಹೊಕ್ಕದ್ದನ್ನು ತೆಗೆಯುವುದರಿಂದಷ್ಟೇ ತನ್ನ ಕರ್ತವ್ಯ ತೀರಲಿಲ್ಲವೆಂಬ ಅರಿವು ಅವನಿಗೆ ಮೂಡಿದ್ದು ಇನ್ನೊಂದು ಬಗೆಯ ಮಕ್ಕಳಿಂದ. ಆಗ ಅಮೆರಿಕದ ಮನೆಗಳಲ್ಲಿ ಸಾಬೂನು ಕಾಯಿಸುವುದಕ್ಕೂ ಮೋರಿ ತೊಳೆಯುವುದಕ್ಕೂ ದಾಹಕ ಕ್ಷಾರವನ್ನು ಬಳಸುತ್ತಿದ್ದರು. ನಾವು ಕಾಸ್ಟಿಕ್ ಸೋಡ ಎನ್ನುವುದು ಇದನ್ನೇ. ನೋಡಲು ಸಕ್ಕರೆಯಂತೆ ಬಿಳುಪು. ಡಬ್ಬಿಯ ಮೇಲೆ ಎಚ್ಚರಿಕೆಯ ಮಾತೇ ಇಲ್ಲ. ಮಗು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರೆ ಅನ್ನನಾಳ ಸುಟ್ಟು, ಗಾಯ ಮಾಯುವಾಗ ಕುಗ್ಗಿ, ಕೊನೆಗೆ ದಾರದೆಳೆಯೂ ಹೋಗದಂತೆ ಮುಚ್ಚಿಕೊಳ್ಳುವುದು. ಅಂಥ ಏಳು ವರ್ಷದ ಬಡ ಹುಡುಗಿಯೊಬ್ಬಳನ್ನು ಅವನ ಬಳಿಗೆ ತಂದಾಗ ಅವಳ ಗಂಟಲಿನಲ್ಲಿ ಹನಿ ನೀರೂ ಇಳಿಯುತ್ತಿರಲಿಲ್ಲ. ಅವನು ದರ್ಶಕವನ್ನು ಇಳಿಸಿ, ಕಿರಿದಾದ ಹಾದಿಯನ್ನು ಕಟ್ಟಿದ್ದ ಬೂದುಬಣ್ಣದ ಮುದ್ದೆಯನ್ನು ತೆಗೆದನು. ದಾದಿ ಒಂದು ಲೋಟ ನೀರು ಕೊಟ್ಟಳು. ಹುಡುಗಿ ಗುಟುಕರಿಸಿದಳು, ಕೆಮ್ಮಿ ಹೊರಬರುವುದೆಂದು ಅಂಜಿ ತಡೆದಳು, ಬರಲಿಲ್ಲ. ಮತ್ತೊಂದು ಗುಟುಕು ಕುಡಿದಳು. ಆಮೇಲೆ ದಾದಿಯ ಕೈಯನ್ನು ಮೆಲ್ಲನೆ ಸರಿಸಿ, ಜ್ಯಾಕ್ಸನ್ನನ ಕೈಯನ್ನು ಹಿಡಿದು ಮುತ್ತಿಟ್ಟಳು. ೧೯೩೮ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವನು ಈ ಪ್ರಸಂಗವನ್ನು ಹೇಳಿಕೊಂಡಿದ್ದಾನೆ. ತನ್ನ ಪದಕಗಳ ಬಗೆಗೆ ಅವನು ಅಷ್ಟು ಮನಸ್ಸಿಟ್ಟು ಬರೆದವನಲ್ಲ.

ಕ್ಷಾರದ ಡಬ್ಬಿಯ ಮೇಲೆ ವಿಷವೆಂದು ಅಚ್ಚುಹಾಕಬೇಕು, ಕುಡಿದವರಿಗೆ ಮಾಡಬೇಕಾದ ಉಪಚಾರವನ್ನೂ ತಿಳಿಸಬೇಕು: ಇದು ಅವನ ಬೇಡಿಕೆ. ಇಷ್ಟು ಸರಳವಾದ ಮಾತಿಗಾಗಿ ಅವನು ವರ್ಷಗಟ್ಟಲೆ ಶಾಸನಸಭೆಗಳ ಮೆಟ್ಟಲು ಹತ್ತಿ ಇಳಿಯಬೇಕಾಯಿತು. ಸಭೆಗಳಿಗೆ ಅಂಜುವ, ಮಾತಿನಲ್ಲಿ ಸಂಕೋಚದ ಮನುಷ್ಯ ಅವನು. ಶಾಲೆಯ ಪುಂಡರ ಮುಂದೆ ಬಾಯಿ ತೆರೆಯದಿದ್ದವನು ರಾಜಕಾರಣಿಗಳ ಮುಂದೆ ನಿಂತು ಮಾತನಾಡಿದನು. ಹಲವು ಸಂಸ್ಥಾನಗಳು ಕಾಯಿದೆ ಮಾಡಿದ ಮೇಲೆ, ೧೯೨೭ರ ಮಾರ್ಚ್ ೪ರಂದು ಅಧ್ಯಕ್ಷ ಕೂಲಿಜನು ದಾಹಕ ವಿಷಗಳ ಸಂಯುಕ್ತ ಕಾಯಿದೆಗೆ ಸಹಿ ಹಾಕಿದನು. ಒಂದು ಚೀಟಿಯಿಂದ ಉಳಿದ ಕೊರಳುಗಳ ಲೆಕ್ಕವನ್ನು ಯಾವ ಸಂಗ್ರಹಾಲಯವೂ ಇಡಲಾರದು, ಏಕೆಂದರೆ ಅಲ್ಲಿ ಹೊರತೆಗೆಯಲು ಏನೂ ಇರುವುದಿಲ್ಲ.

ಆಟಿಕೆಗಳ ವಿಷಯದಲ್ಲಿ ಅಂಥ ಕಾಯಿದೆಯನ್ನು ಕಾಣುವ ಯೋಗ ಅವನಿಗಿರಲಿಲ್ಲ. ಸ್ಕ್ವೆಂಕ್ಸ್‌ವಿಲ್ ಹಳ್ಳಿಯ ಬಳಿ ಹಳೆಯ ನೀರುಗಿರಣಿಯೊಂದನ್ನು ಕೊಂಡು ಮನೆ ಮಾಡಿಕೊಂಡಿದ್ದ ಜ್ಯಾಕ್ಸನ್ನನು, ಚಿತ್ರ ಬರೆಯುತ್ತ, ಮರಗೆಲಸ ಮಾಡುತ್ತ ಮುಪ್ಪನ್ನು ಕಳೆದು, ೧೯೫೮ರ ಆಗಸ್ಟ್ ೧೬ರಂದು ತೀರಿಕೊಂಡನು. ಆಗ ಅವನಿಗೆ ೯೨ ವರ್ಷ. ಆಟಿಕೆಗಳ ಸುರಕ್ಷತೆಗೆಂದೇ ಅಮೆರಿಕ ಕಾಯಿದೆ ಮಾಡಿದ್ದು ೧೯೬೯ರಲ್ಲಿ. ೧೯೮೦ರ ಜನವರಿ ೧ರಿಂದ ಜಾರಿಗೆ ಬಂದ ನಿಯಮವೊಂದು ಜ್ಯಾಕ್ಸನ್ನನ ಸೆಳೆಖಾನೆಗಳಿಂದಲೇ ಎದ್ದುಬಂದಂತೆ ಕಾಣುತ್ತದೆ. ಅದರಲ್ಲಿ ಒಂದು ಸಣ್ಣ ಉರುಳೆಯ ಅಳತೆಯನ್ನು ಹೇಳಿದೆ: ಒಳಗಿನ ಅಡ್ಡಳತೆ ೩೧.೭ ಮಿಲಿಮೀಟರು, ತಳ ಓರೆಯಾಗಿದ್ದು ಆಳ ೨೫.೪ರಿಂದ ೫೭.೧ ಮಿಲಿಮೀಟರಿನವರೆಗೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಾಗಲಿ, ಅದನ್ನು ಬೀಳಿಸಿ ಜಗ್ಗಿ ಪರೀಕ್ಷಿಸಿದಾಗ ಕಳಚುವ ತುಂಡಾಗಲಿ ಈ ಉರುಳೆಯೊಳಗೆ ಪೂರ್ತಿ ಹಿಡಿಸಿದರೆ ಅದನ್ನು ಮಾರುವಂತಿಲ್ಲ. ಮಗುವಿನ ಗಂಟಲೇ ಅಳತೆಗೋಲಾಗಿ ಅಂಗಡಿಯ ಬಾಗಿಲಲ್ಲಿ ಬಂದು ನಿಂತಂತಾಯಿತು. ೧೯೯೪ರಲ್ಲಿ ಗೋಲಿ, ಸಣ್ಣ ಚೆಂಡು, ರಬ್ಬರ್ ಬುಗ್ಗೆಗಳ ಮೇಲೆ ಎಚ್ಚರಿಕೆಯನ್ನು ಅಚ್ಚುಹಾಕುವುದು ಕಡ್ಡಾಯವಾಯಿತು. ಒಡೆದ ಬುಗ್ಗೆಯ ಚೂರು ಗಂಟಲಿನ ಆಕಾರಕ್ಕೆ ತಕ್ಕಂತೆ ಮೆತ್ತಿಕೊಳ್ಳುವುದರಿಂದ ಗಟ್ಟಿವಸ್ತುವಿಗಿಂತಲೂ ಕ್ರೂರವಾದುದು. ನಮ್ಮ ದೇಶದಲ್ಲಿ ೨೦೨೦ರ ಆಜ್ಞೆಯ ಮೇರೆಗೆ, ೨೦೨೧ರ ಜನವರಿ ೧ರಿಂದ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೋದ ಗುರುತು ಕಡ್ಡಾಯವಾಗಿದೆ. ಸಣ್ಣ ಭಾಗಗಳ ಪರೀಕ್ಷೆಯೂ ಆ ಮಾನಕದಲ್ಲಿ ಸೇರಿದೆ. ಜಾತ್ರೆಯ ಬೀದಿಯಲ್ಲಿ ಬುಟ್ಟಿಯಿಂದ ಕೊಳ್ಳುವ ಪೀಪಿಗೆ ಆ ಗುರುತನ್ನು ಹುಡುಕುವವರೆಷ್ಟು ಜನವೋ.

ಜ್ಯಾಕ್ಸನ್ನನು ಕಾಣದ ಒಂದು ವಸ್ತು ಈಗ ಮಕ್ಕಳ ಕೈಗೆ ಸಿಗುತ್ತಿದೆ: ಹಾಡುವ, ಮಿನುಗುವ ಆಟಿಕೆಗಳ ಹೊಟ್ಟೆಯಲ್ಲಿರುವ ಗುಂಡಿಯಾಕಾರದ ಬ್ಯಾಟರಿ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಒದ್ದೆಯಾದ ಒಳಪೊರೆಯ ಮೂಲಕ ವಿದ್ಯುತ್ತು ಹರಿದು, ಅಲ್ಲಿಯೇ ಕ್ಷಾರ ಹುಟ್ಟುತ್ತದೆ. ಎರಡು ಗಂಟೆಗಳೊಳಗಾಗಿಯೇ ಅಂಗಾಂಶವನ್ನು ಸುಡತೊಡಗುತ್ತದೆ. ಯಾವ ಕ್ಷಾರದ ಡಬ್ಬಿಯ ಮೇಲೆ ಒಂದು ಮಾತು ಬರೆಯಿಸಲು ಅವನು ಅಷ್ಟು ಅಲೆದನೋ, ಅದೇ ಕ್ಷಾರ ಡಬ್ಬಿಯಿಲ್ಲದೆ, ಚೀಟಿಯಿಲ್ಲದೆ ಮಗುವಿನ ಕೊರಳಲ್ಲಿಯೇ ತಯಾರಾಗುತ್ತದೆ. ಇಂಥ ಬ್ಯಾಟರಿಯ ಗೂಡನ್ನು ಮಗು ಬಿಚ್ಚಲಾಗದಂತೆ ಭದ್ರಪಡಿಸಬೇಕೆಂಬ ನಿಯಮ ಆಟಿಕೆಗಳಿಗೆ ಮೊದಲೇ ಇದ್ದಿತು; ಮನೆಯ ಇತರ ಸಾಮಾನುಗಳಿಗೂ ಅಮೆರಿಕ ಅದನ್ನು ವಿಸ್ತರಿಸಿದ್ದು ೨೦೨೨ರ ಕಾಯಿದೆಯಿಂದ.

ಫಿಲಡೆಲ್ಫಿಯದ ಆ ಸಂಗ್ರಹಾಲಯದಲ್ಲಿ ಜ್ಯಾಕ್ಸನ್ನನ ವಸ್ತುಗಳು ತೆಳುವಾದ ಸೆಳೆಖಾನೆಗಳಲ್ಲಿ ಸಾಲುಸಾಲಾಗಿ ಕೂತಿವೆ. ಅದೃಷ್ಟ ತರಲೆಂದು ಜೇಬಿನಲ್ಲಿಟ್ಟುಕೊಳ್ಳುವ ಬಿಲ್ಲೆಯೊಂದಿದೆ. ಶಾಲೆಗೆ ಒಂದು ದಿನವೂ ತಪ್ಪಿಸದೆ ಬಂದ ಮಗುವಿಗೆ ಬಹುಮಾನವಾಗಿ ಕೊಟ್ಟ ಪದಕವಿದೆ. ಬೊಂಬೆಗಳು ನಾಟಕ ನೋಡಲು ಹಿಡಿಯಬಹುದಾದಷ್ಟು ಪುಟ್ಟದೊಂದು ಆಟದ ದುರ್ಬೀನೂ ಇದೆ.